ಉತ್ತರ ಕೊರಿಯಾ ಪ್ರವಾಸ: ಹೋಗಿಬಂದವರು ಮತ್ತು ಹೋಗಬೇಕೆಂದಿರುವವರು ಮಾತಾಡೋಣ

ಹಾದಿಹೋಕ

ಉತ್ತರ ಕೊರಿಯಾದ ಗಡಿ ಪ್ರವಾಸಿಗರಿಗೆ ಮತ್ತೆ ತೆರೆಯಬಹುದು ಎಂಬ ಸುದ್ದಿ ಆಗಾಗ ಬರುತ್ತಲೇ ಇದೆ. ನಾನು ಹೋಗಿದ್ದು 2019ರ ಶರತ್ಕಾಲದಲ್ಲಿ. ಮುಂದಿನ ಜನವರಿಯಲ್ಲೇ ಕೋವಿಡ್ ಕಾರಣಕ್ಕೆ ಅವರು ಬಾಗಿಲು ಹಾಕಿಕೊಂಡರು. ಗೊತ್ತಿದ್ದಷ್ಟು ಬರೆಯುತ್ತೇನೆ, ಉಳಿದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಬ್ಯಾಗು ಹೆಗಲಿಗೇರಿಸಿಕೊಂಡು ಮನಸ್ಸಿಗೆ ಬಂದ ಕಡೆ ಇಳಿಯುವ ದೇಶ ಅದಲ್ಲ. ಬೀಜಿಂಗ್‌ನಲ್ಲಿರುವ ಯಾವುದಾದರೂ ಏಜೆನ್ಸಿ ಮೂಲಕ ಹಣ ಕಟ್ಟಬೇಕು. ಒಳಗಿನ ವ್ಯವಸ್ಥೆಯೆಲ್ಲ ಅಲ್ಲಿನ ಸರ್ಕಾರಿ ಪ್ರವಾಸ ಕಂಪನಿಯದು. ಹೋಟೆಲ್, ಊಟ, ಬಸ್ಸು, ಯಾವ ದಿನ ಯಾವ ಸ್ಮಾರಕ ಎನ್ನುವುದೆಲ್ಲ ಮೊದಲೇ ನಿಗದಿ. ಎಷ್ಟೇ ಚಿಕ್ಕ ಗುಂಪಾದರೂ ಇಬ್ಬರು ಗೈಡ್‌ಗಳು, ಒಬ್ಬ ಡ್ರೈವರ್. ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸುವುದಿಲ್ಲ, ಬೇರೆಯೇ ಒಂದು ಪ್ರವಾಸಿ ಚೀಟಿ ಕೊಡುತ್ತಾರೆ. ಒಳಗೆ ಕಾಲಿಟ್ಟ ಮೇಲೆ ಪಾಸ್‌ಪೋರ್ಟ್ ಗೈಡ್ ಕೈಯಲ್ಲೇ ಇರುತ್ತದೆ. ಚೀನಾದ ಮೂಲಕ ಹೋಗಿ ಅದೇ ದಾರಿಯಲ್ಲಿ ಬರುವುದಾದರೆ ಚೀನಾಕ್ಕೆ ಎರಡು ಸಲ ಪ್ರವೇಶ ಕೊಡುವ ವೀಸಾ ಮಾಡಿಸಿಕೊಳ್ಳಬೇಕು. ಇದನ್ನು ಮರೆತರೆ ವಾಪಸ್ ಬರುವಾಗ ಪರದಾಟ.

ವಿಮಾನಕ್ಕಿಂತ ರೈಲು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಬೀಜಿಂಗ್‌ನಿಂದ ರಾತ್ರಿ ಹೊರಟರೆ ಬೆಳಿಗ್ಗೆ ದಂಡೊಂಗ್. ಅಲ್ಲಿ ಯಾಲು ನದಿ ದಾಟಬೇಕು. ಪಕ್ಕದಲ್ಲೇ ಹಳೆಯ ಸೇತುವೆ ಇದೆ. 1950ರಲ್ಲಿ ಅಮೆರಿಕದ ಬಾಂಬಿಗೆ ಸಿಕ್ಕಿದ್ದು, ಚೀನಾ ದಡದಿಂದ ಹೊರಟು ನದಿಯ ಮಧ್ಯೆ ಕಡಿದುಹೋಗಿದೆ. ಆಚೆ ದಡ ಸಿನೂಯಿಜು. ಅಧಿಕಾರಿಗಳು ಬೋಗಿಯೊಳಕ್ಕೇ ಬಂದು ಬ್ಯಾಗು ಬಿಚ್ಚಿಸುತ್ತಾರೆ. ಫೋನಿನ ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಾರೆ, ಪುಸ್ತಕಗಳ ಹಾಳೆ ತಿರುವುತ್ತಾರೆ. ಧಾರ್ಮಿಕ ಪುಸ್ತಕ, ದಕ್ಷಿಣ ಕೊರಿಯಾದ ಸಿನಿಮಾ, ಜಿಪಿಎಸ್ ಉಪಕರಣ ಇಂಥವನ್ನು ಒಯ್ಯಲೇಬಾರದು.

ಸಿನೂಯಿಜುವಿನಿಂದ ಪ್ಯೊಂಗ್ಯಾಂಗ್‌ವರೆಗಿನ ಇನ್ನೂರು ಚಿಲ್ಲರೆ ಕಿಲೋಮೀಟರ್ ಹಗಲಿನ ದಾರಿಯೇ ಆ ಇಡೀ ಪ್ರವಾಸದಲ್ಲಿ ನನಗೆ ಬೆಲೆಬಾಳುವ ಭಾಗ. ಸುಗ್ಗಿಯ ಕಾಲ. ಗದ್ದೆ ತುಂಬ ಜನ, ಕೈಯಲ್ಲಿ ಕುಡುಗೋಲು, ಎತ್ತಿನ ಗಾಡಿ. ಟ್ರಾಕ್ಟರ್ ಕಂಡದ್ದು ತೀರಾ ಅಪರೂಪ. ಒಂದು ಸಣ್ಣ ನಿಲ್ದಾಣದಾಚೆ ಹೆಂಗಸೊಬ್ಬಳು ಸೈಕಲ್ಲಿಗೆ ತನಗಿಂತ ಎತ್ತರದ ಹುಲ್ಲಿನ ಹೊರೆ ಕಟ್ಟಿ ತಳ್ಳುತ್ತಿದ್ದಳು. ಹಿಂದಿನ ಚಕ್ರಕ್ಕೆ ಗಾಳಿಯಿರಲಿಲ್ಲ. ರೈಲು ನಿಂತಷ್ಟು ಹೊತ್ತೂ ಅವಳು ತಲೆಯೆತ್ತಿ ನೋಡಲಿಲ್ಲ.

ಕುತೂಹಲಿ

ಹಾದಿಹೋಕ ಸರ್, ಬಹಳ ದಿನದಿಂದ ತಲೆಯಲ್ಲಿರುವ ಪ್ರಶ್ನೆ. ಅಲ್ಲಿನ ಮೆಟ್ರೋದಲ್ಲಿ ಓಡಾಡುವವರೆಲ್ಲ ನಟರು, ಪ್ರವಾಸಿಗರು ಬಂದಾಗ ಮಾತ್ರ ರೈಲು ಓಡಿಸುತ್ತಾರೆ ಅಂತ ಎಷ್ಟೋ ಕಡೆ ಓದಿದ್ದೇನೆ. ನಿಜವೇ?

ಹಾದಿಹೋಕ

ಅದು ಸುಳ್ಳು. ಹಾಗೆ ನಂಬುವುದರಿಂದ ಆ ಜನಕ್ಕೆ ಅನ್ಯಾಯವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಪ್ಯೊಂಗ್ಯಾಂಗ್ ಮೆಟ್ರೋ ಶುರುವಾದದ್ದು 1973ರಲ್ಲಿ. ನೆಲದಿಂದ ಸುಮಾರು ನೂರು ಮೀಟರ್ ಕೆಳಗಿದೆ. ಎಸ್ಕಲೇಟರ್‌ನಲ್ಲಿ ಇಳಿಯಲು ಕೆಲವು ನಿಮಿಷವೇ ಹಿಡಿಯುತ್ತದೆ, ಅಷ್ಟು ಹೊತ್ತೂ ಧ್ವನಿವರ್ಧಕದಲ್ಲಿ ಹಾಡು. ಬಹಳ ವರ್ಷ ವಿದೇಶಿಯರಿಗೆ ತೋರಿಸುತ್ತಿದ್ದದ್ದು ಪುಹುಂಗ್ ಮತ್ತು ಯೊಂಗ್‌ಗ್ವಾಂಗ್ ಎಂಬ ಎರಡೇ ನಿಲ್ದಾಣ. ಗೊಂಚಲು ದೀಪ, ಗೋಡೆ ತುಂಬ ಮೊಸಾಯಿಕ್ ಚಿತ್ರ ಇರುವಂಥವು. ಉಳಿದವೆಲ್ಲ ಇಲ್ಲವೇ ಇಲ್ಲ ಎಂಬ ಗಾಳಿಮಾತು ಹುಟ್ಟಿದ್ದು ಅಲ್ಲಿಂದಲೇ. ಆಮೇಲೆ ಬೇರೆ ನಿಲ್ದಾಣಗಳಿಗೂ ಬಿಟ್ಟರು. ನಾವು ಹತ್ತಿದ ಬೋಗಿ ಬರ್ಲಿನ್ ಮೆಟ್ರೋದ ಹಳೆಯ ಬೋಗಿ. ಅಲ್ಲಿನ ಹುಡುಗರು ಕಿಟಕಿ ಗಾಜಿನ ಮೇಲೆ ಗೀಚಿದ್ದ ಅಕ್ಷರಗಳು ಹಾಗೇ ಇದ್ದವು. ಆ ಗಾಜಿಗೆ ಒರಗಿ ಒಬ್ಬ ಮುದುಕ ನಿದ್ದೆ ಮಾಡುತ್ತಿದ್ದ. ನನ್ನ ಮುಂದೆ ನಿಂತಿದ್ದ ಶಾಲೆಯ ಹುಡುಗ ಮನೆಪಾಠವನ್ನು ಬಾಯಿಪಾಠ ಮಾಡುತ್ತಿದ್ದ. ನನ್ನನ್ನು ನೋಡಿ ನಾಚಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡ. ನೂರಾರು ಜನ ಹೀಗೆ ನಟಿಸಲು ಆಗುವುದಿಲ್ಲ ಸ್ವಾಮಿ.

ಬೇರೆಯವರ ಕೈಯಲ್ಲಿರುವುದು ನಮ್ಮ ದಾರಿ. ಬಸ್ಸು ಯಾವ ರಸ್ತೆಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾವ ಅಂಗಡಿಗೆ ನುಗ್ಗಬಹುದು ಎನ್ನುವುದನ್ನು ನಾವು ನಿರ್ಧರಿಸುವುದಿಲ್ಲ. ಪ್ಯೊಂಗ್ಯಾಂಗ್‌ನಲ್ಲಿ ವಾಸಿಸುವುದೇ ಅಲ್ಲಿ ಒಂದು ಸವಲತ್ತು. ಕುಟುಂಬದ ಹಿನ್ನೆಲೆ, ಅಜ್ಜ ಯಾರ ಪರ ಇದ್ದ ಎನ್ನುವುದನ್ನೆಲ್ಲ ಲೆಕ್ಕ ಹಾಕುವ ಸೊಂಗ್‌ಬುನ್ ಎಂಬ ವರ್ಗೀಕರಣ ಇದೆ. ಅದರಲ್ಲಿ ಕೆಳಗಿದ್ದವರಿಗೆ ರಾಜಧಾನಿಯಲ್ಲಿ ಜಾಗ ಸಿಗುವುದು ಬಹಳ ಕಷ್ಟ. ಹಾಗಾಗಿ ಮೆಟ್ರೋದಲ್ಲಿ ನಾವು ನೋಡುವುದು ನಿಜವಾದ ಜನರನ್ನೇ, ಆದರೆ ಸೋಸಿ ಉಳಿಸಿದ ಜನರನ್ನು.

ಓದುಬಾಕ

ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನ ಆಕ್ಷೇಪ ಹೇಳಲೇಬೇಕು. ಇಂಥ ಪ್ರವಾಸಕ್ಕೆ ಹೋಗಬಾರದು ಎಂಬ ಪಕ್ಷದವನು ನಾನು.

ವಿಶ್ವಸಂಸ್ಥೆ ನೇಮಿಸಿದ ವಿಚಾರಣಾ ಆಯೋಗ 2014ರಲ್ಲಿ ವರದಿ ಕೊಟ್ಟಿತು. ಆಸ್ಟ್ರೇಲಿಯಾದ ನ್ಯಾಯಮೂರ್ತಿ ಮೈಕೆಲ್ ಕರ್ಬಿ ಅದರ ಅಧ್ಯಕ್ಷರು. ಆಯೋಗವನ್ನು ದೇಶದೊಳಕ್ಕೆ ಬಿಡಲಿಲ್ಲ. ತಪ್ಪಿಸಿಕೊಂಡು ಬಂದವರ ಸಾಕ್ಷ್ಯವನ್ನು ಸೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್‌ಗಳಲ್ಲಿ ಬಹಿರಂಗವಾಗಿ ಕೇಳಿತು. ರಾಜಕೀಯ ಕೈದಿಗಳ ಶಿಬಿರಗಳಲ್ಲಿ 80,000ದಿಂದ 1,20,000 ಜನ ಇರಬಹುದೆಂದು ಅಂದಾಜು ಮಾಡಿತು. ಅಲ್ಲಿ ನಡೆಯುತ್ತಿರುವುದು ಮಾನವಕುಲದ ವಿರುದ್ಧದ ಅಪರಾಧ ಎಂದು ನೇರವಾಗಿ ಹೇಳಿತು. ತೊಂಬತ್ತರ ದಶಕದ ಬರಗಾಲದಲ್ಲಿ ಸತ್ತವರು ಲಕ್ಷಾಂತರ. ಪ್ರವಾಸಿಯ ಡಾಲರ್, ಯೂರೋ ಹೋಗಿ ಸೇರುವುದು ಅದೇ ವ್ಯವಸ್ಥೆಯ ಖಜಾನೆಗೆ. ಸಾಲದ್ದಕ್ಕೆ ಪ್ರತಿಮೆಯ ಮುಂದೆ ತಲೆ ಬಾಗಿಸಬೇಕು, ಹೂ ಇಡಬೇಕು. ವಿದೇಶಿಯರು ಬಂದು ನಮಸ್ಕರಿಸಿ ಹೋದರು ಎಂದು ಅದನ್ನೇ ತಮ್ಮ ಜನಕ್ಕೆ ತೋರಿಸುತ್ತಾರೆ. ನಮ್ಮ ಕುತೂಹಲ ತಣಿಯಲಿ ಎಂದು ಇಷ್ಟಕ್ಕೆಲ್ಲ ಒಪ್ಪಬೇಕೇ?

ಬೆಳ್ಳಕ್ಕಿ

ಓದುಬಾಕ ಅವರೇ, ನಿಮ್ಮ ಪ್ರಶ್ನೆ ನನ್ನನ್ನೂ ಕಾಡಿದೆ. ನಾನೂ ಹೋಗಿಬಂದವಳು. ಗೈಡ್‌ಗಳ ಬಗ್ಗೆ ಯಾರೂ ಸರಿಯಾಗಿ ಬರೆಯುವುದಿಲ್ಲ, ಅದನ್ನು ಹೇಳಿ ಆಮೇಲೆ ನಿಮ್ಮ ಮಾತಿಗೆ ಬರುತ್ತೇನೆ.

ಪ್ಯೊಂಗ್ಯಾಂಗ್‌ನ ಮನ್ಸು ಗುಡ್ಡದ ಮೇಲೆ ದೇಶದ ಮೊದಲ ನಾಯಕ ಕಿಮ್ ಇಲ್ ಸುಂಗ್ ಮತ್ತು ಅವರ ಮಗ ಕಿಮ್ ಜೊಂಗ್ ಇಲ್ ಅವರ ಕಂಚಿನ ಪ್ರತಿಮೆಗಳಿವೆ. ಇಪ್ಪತ್ತು ಮೀಟರಿಗೂ ಎತ್ತರ, ಮಗನದ್ದು 2012ರಲ್ಲಿ ಸೇರಿದ್ದು. ಅಲ್ಲಿ ಫೋಟೊ ತೆಗೆದರೆ ಪ್ರತಿಮೆ ಅಡಿಯಿಂದ ಮುಡಿಯವರೆಗೆ ಪೂರ್ತಿ ಬರಬೇಕು. ಕಾಲು ಕತ್ತರಿಸಬಾರದು, ಅವರಂತೆ ಕೈಯೆತ್ತಿ ಪೋಸು ಕೊಡಬಾರದು. ನಮ್ಮ ಗುಂಪಿನ ಯುವಕನೊಬ್ಬ ನೆಲದ ಮೇಲೆ ಅಂಗಾತ ಮಲಗಿ ಫೋಟೊ ತೆಗೆಯಲು ಹೋದ. ದೂರದಿಂದಲೇ ಸಮವಸ್ತ್ರದವನೊಬ್ಬ ನಡೆದುಬಂದ. ಆ ಯುವಕನನ್ನು ಅವನು ಒಂದು ಮಾತೂ ಕೇಳಲಿಲ್ಲ. ನೇರವಾಗಿ ನಮ್ಮ ಗೈಡ್ ಬಳಿ ಹೋದ. ಅವಳು ತಲೆ ತಗ್ಗಿಸಿ ನಿಂತಳು. ನನ್ನ ಕಣ್ಣು ಹೋದದ್ದು ಅವಳ ಕೈಗೆ. ಕೊಡೆಯ ಹಿಡಿಯನ್ನು ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದಳು. ಫೋಟೊ ಅಳಿಸಿದ್ದಾಯಿತು, ಯುವಕ ನಕ್ಕು ಬಸ್ ಹತ್ತಿದ. ಆ ಸಂಜೆ ಅವಳು ಎಂದಿನಂತೆ ಹಾಡು ಹೇಳಲಿಲ್ಲ.

ಇಬ್ಬರು ಗೈಡ್ ಇರುವುದು ನಮ್ಮನ್ನು ಕಾಯಲು ಎಂದುಕೊಂಡಿದ್ದೆ. ಅವರು ಒಬ್ಬರನ್ನೊಬ್ಬರು ಕಾಯುವುದಕ್ಕೂ ಹೌದು. ಬಸ್ಸಿನಲ್ಲಿ ಕಿರಿಯ ಗೈಡ್ ನನ್ನ ಪಕ್ಕ ಕೂತಿದ್ದಾಗ ಕೇಳಿದಳು, "ನಿಮ್ಮ ದೇಶದಲ್ಲಿ ಅಷ್ಟೊಂದು ಭಾಷೆ ಇದೆಯಂತೆ, ಒಬ್ಬರ ಮಾತು ಇನ್ನೊಬ್ಬರಿಗೆ ಹೇಗೆ ತಿಳಿಯುತ್ತದೆ?" ನಾನು ವಿವರಿಸುತ್ತಾ ಹೋದೆ, ಅವಳು ಇನ್ನೂ ಕೇಳುತ್ತಾ ಹೋದಳು. ಹಿಂದಿನ ಸೀಟಿನಲ್ಲಿ ಹಿರಿಯ ಗೈಡ್ ಎದ್ದು ಕೂತ ಸದ್ದಾಯಿತು. ತಕ್ಷಣ ಅವಳ ಬೆನ್ನು ನೆಟ್ಟಗಾಯಿತು. ಕಿಟಕಿಯಾಚೆ ಕೈ ತೋರಿಸಿ ಯಾವುದೋ ಕಟ್ಟಡದ ಎತ್ತರ ಹೇಳತೊಡಗಿದಳು.

ಹೋಗುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ. ಗೈಡ್‌ಗಳ ಬಾಯಿ ಬಿಡಿಸಲು ಹೋಗಬೇಡಿ. "ನಿಮ್ಮ ನಾಯಕರ ಬಗ್ಗೆ ನಿಜವಾಗಿ ಏನನ್ನಿಸುತ್ತದೆ?" ಎಂದು ಕೇಳುವುದನ್ನು ಧೈರ್ಯ ಎಂದುಕೊಂಡವರು ನಮ್ಮ ಗುಂಪಿನಲ್ಲೇ ಇದ್ದರು. ಕೇಳಿದವರು ಮರುದಿನ ವಿಮಾನ ಹತ್ತುತ್ತಾರೆ, ಉತ್ತರಿಸಬೇಕಾದವಳು ಅಲ್ಲೇ ಉಳಿಯುತ್ತಾಳೆ.

ಹಳೇ ಸಿಪಾಯಿ

ಎರಡು ಕೊರಿಯಾಗಳ ಗಡಿಯಲ್ಲಿರುವ, ಕದನವಿರಾಮಕ್ಕೆ ಸಹಿಯಾದ ಪಾನ್‌ಮುನ್‌ಜೊಮ್ ಬಗ್ಗೆ ಯಾರಾದರೂ ಬರೆಯುತ್ತಾರೇನೋ ಎಂದು ಕಾಯುತ್ತಿದ್ದೆ. ನಾನು ಅಲ್ಲಿಗೆ ಹೋದವನಲ್ಲ, ಸೇನೆಯಲ್ಲಿ ಇದ್ದವನು. ಆ ಜಾಗಕ್ಕೂ ನಮ್ಮವರಿಗೂ ಇರುವ ನಂಟನ್ನು ಹೋಗುವವರು ತಿಳಿದುಕೊಂಡು ಹೋಗಲಿ ಎಂಬ ಆಸೆ.

1953ರ ಜುಲೈ 27ರಂದು ಕೊರಿಯಾ ಯುದ್ಧದ ಕದನವಿರಾಮಕ್ಕೆ ಸಹಿ ಬಿತ್ತು. ದೊಡ್ಡ ತೊಡಕಾಗಿದ್ದದ್ದು ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆ. ಅವರನ್ನು ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ. ಅದರ ಅಧ್ಯಕ್ಷರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಭಾರತದ ಪಡೆಯೇ ಹೋಯಿತು, ಅದರ ನಾಯಕತ್ವ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ಅವರದು. ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯ ಸೈನಿಕರು ತನ್ನ ನೆಲ ತುಳಿಯಕೂಡದು ಎಂದು ಹಟ ಹಿಡಿದಿದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. 22,000ಕ್ಕೂ ಹೆಚ್ಚು ಕೈದಿಗಳು, ಎರಡೂ ಕಡೆಯವರ ಒತ್ತಡ, ಶಿಬಿರದೊಳಗೇ ಗಲಭೆ. ಕೊನೆಗೆ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ ಎಂದ 88 ಜನ ನಮ್ಮ ಪಡೆಯ ಜೊತೆ 1954ರಲ್ಲಿ ಭಾರತಕ್ಕೇ ಬಂದರು.

ಹೋಗಿಬಂದವರು ಹೇಳಿ: ಗೈಡ್ ಅಲ್ಲಿ ಇದನ್ನೆಲ್ಲ ಹೇಳುತ್ತಾರೆಯೇ?

ಹಾದಿಹೋಕ

ನಮಸ್ಕಾರ ಸರ್. ನಮ್ಮ ಗುಂಪಿಗೆ ಹೇಳಲಿಲ್ಲ. ಅಲ್ಲಿ ಕತೆ ಹೇಳುವವನು ಸೇನಾಧಿಕಾರಿ, ಗೈಡ್ ಅದನ್ನು ಇಂಗ್ಲಿಷಿಗೆ ತರುತ್ತಾರೆ. ಯುದ್ಧ ಶುರು ಮಾಡಿದ್ದು ಅಮೆರಿಕ, ಸೋತು ಸಹಿ ಹಾಕಿದ್ದೂ ಅಮೆರಿಕ, ಇದೇ ಅವರ ಇತಿಹಾಸ. ಸಹಿಯಾದ ಕಟ್ಟಡದಲ್ಲಿ ಮೇಜು, ಕುರ್ಚಿ, ಬಾವುಟಗಳನ್ನು ಹಾಗೇ ಇಟ್ಟಿದ್ದಾರೆ. 1950ರ ಜೂನ್ 25ರಂದು ಗಡಿ ದಾಟಿ ನುಗ್ಗಿದ್ದು ಉತ್ತರದ ಸೇನೆ ಎನ್ನುವುದು ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ನಿಮ್ಮ ಮಾತಿನಿಂದ ಇನ್ನೊಂದು ನೆನಪಾಯಿತು. ಪ್ಯೊಂಗ್ಯಾಂಗ್‌ನಿಂದ ದಕ್ಷಿಣದ ಗಡಿ ಹತ್ತಿರದ ಕೇಸೊಂಗ್ ಊರಿನ ಕಡೆಗೆ ಹೋಗುವ ಹೆದ್ದಾರಿಯ ಬಾಯಲ್ಲಿ ಒಂದು ಕಲ್ಲಿನ ಕಮಾನಿತ್ತು. ಸಾಂಪ್ರದಾಯಿಕ ಉಡುಪಿನ ಇಬ್ಬರು ಹೆಂಗಸರು ರಸ್ತೆಯ ಎರಡೂ ಬದಿಯಿಂದ ಬಾಗಿ, ಇಡೀ ಕೊರಿಯಾದ ಭೂಪಟವನ್ನು ಒಟ್ಟಿಗೆ ಎತ್ತಿ ಹಿಡಿದಿದ್ದರು. 2001ರಲ್ಲಿ ಕಟ್ಟಿದ್ದು. ಅಲ್ಲಿ ಬಸ್ ನಿಲ್ಲಿಸಿ ನಮ್ಮ ಹಿರಿಯ ಗೈಡ್ ಒಂದುಗೂಡುವ ಬಗ್ಗೆ ಮಾತಾಡಿದ. ಪ್ರತಿಮೆಗಳ ಮುಂದೆ ಒಪ್ಪಿಸುತ್ತಿದ್ದ ಪಾಠದಂತೆ ಅದು ಕೇಳಿಸಲಿಲ್ಲ. ತನ್ನ ತಾಯಿಯ ಅಕ್ಕ ದಕ್ಷಿಣದಲ್ಲಿ ಉಳಿದುಹೋದಳು, ಬದುಕಿದ್ದಾಳೋ ಇಲ್ಲವೋ ತಿಳಿಯದೆ ತಾಯಿ ತೀರಿಕೊಂಡಳು ಎಂದ. ಗಂಟಲು ಕಟ್ಟಿತು, ಮುಖ ಆಚೆ ತಿರುಗಿಸಿದ.

2024ರ ಜನವರಿಯಲ್ಲಿ ಕಿಮ್ ಜೊಂಗ್ ಉನ್ ದಕ್ಷಿಣವನ್ನು ಪರಮಶತ್ರು ಎಂದು ಘೋಷಿಸಿ, ಒಂದುಗೂಡುವ ನೀತಿಯನ್ನೇ ಕೈಬಿಟ್ಟ. ಅದೇ ತಿಂಗಳು ಆ ಕಮಾನನ್ನು ಕೆಡವಿದರು. ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಹೋಗುವ ರಸ್ತೆಗಳನ್ನು ಸಿಡಿಸಿದರು. ಉಪಗ್ರಹ ಚಿತ್ರದಲ್ಲಿ ಕಮಾನು ಕಾಣುತ್ತಿಲ್ಲ ಎಂಬ ಸುದ್ದಿ ಓದಿದ ದಿನ ನನಗೆ ಸಂಕಟವಾದದ್ದು ಆ ಮನುಷ್ಯನನ್ನು ನೆನೆದು. ಜೀವಮಾನವಿಡೀ ಅವನಿಗೆ ಹೇಳಿಕೊಟ್ಟಿದ್ದ ಮಾತು, ಮನಸಾರೆ ನಂಬಿದ್ದ ಮಾತು ಈಗ ಅಪರಾಧ. ದೊಡ್ಡಮ್ಮನ ಕತೆಯನ್ನು ಅವನು ಇನ್ನು ಯಾರ ಮುಂದೆಯೂ ಹೇಳುವಂತಿಲ್ಲ.

ಜ್ವಾಳದ ತೆನಿ

ಓದಿ ಹೊಟ್ಟ್ಯಾಗ ಸಂಕಟ ಆತ್ರಿ. ನಂದು ಸಣ್ಣ ಪ್ರಶ್ನಿ. ನಾವು ಶಾಖಾಹಾರಿ ಮಂದಿ, ಅಲ್ಲಿ ಉಣ್ಣಾಕ ಏನ್ ಸಿಗತೈತಿ? ರೊಕ್ಕ ಯಾವ್ದು ನಡೀತೈತಿ?

ಬೆಳ್ಳಕ್ಕಿ

ಊಟಕ್ಕೆ ತೊಂದರೆಯಿಲ್ಲ ಅಣ್ಣಾ, ಏಜೆನ್ಸಿಗೆ ಮೊದಲೇ ಹೇಳಿರಬೇಕು. ಅನ್ನ, ತೋಫು, ಸೊಪ್ಪು, ಆಲೂಗಡ್ಡೆ ಸಿಗುತ್ತದೆ. ಕಿಮ್ಚಿಗೆ ಸಾಮಾನ್ಯವಾಗಿ ಮೀನು, ಸೀಗಡಿಯ ಉಪ್ಪುರಸ ಹಾಕಿರುತ್ತಾರೆ, ಕೇಳಿಕೊಂಡು ತಿನ್ನಿ. ಪ್ಯೊಂಗ್ಯಾಂಗ್‌ನ ಹೆಸರಾಂತ ತಣ್ಣನೆಯ ನೂಡಲ್ಸ್ ಮಾಂಸದ ಸಾರಿನಲ್ಲಿ ಬರುತ್ತದೆ, ಅದು ನಿಮಗಲ್ಲ. ಕೇಸೊಂಗ್‌ನಲ್ಲಿ ಹಿತ್ತಾಳೆಯ ಪುಟ್ಟ ಪುಟ್ಟ ಮುಚ್ಚಳದ ಬಟ್ಟಲುಗಳಲ್ಲಿ ಬಗೆಬಗೆಯ ಪದಾರ್ಥ ಬಡಿಸುತ್ತಾರೆ, ನೋಡಲೇ ಚಂದ. ನಮಗೆ ಬಡಿಸುವಷ್ಟು ಅಲ್ಲಿನ ಮನೆಗಳಲ್ಲಿ ಇರುವುದಿಲ್ಲ ಎನ್ನುವುದು ತಿಳಿದೇ ಇರುತ್ತದೆ. ತಟ್ಟೆಯಲ್ಲಿ ಬಿಟ್ಟು ಏಳಲು ಮನಸ್ಸು ಬರುತ್ತಿರಲಿಲ್ಲ.

ದುಡ್ಡು ಯೂರೋ, ಡಾಲರ್, ಚೀನಾದ ಯುವಾನ್. ಚಿಲ್ಲರೆ ನೋಟು ಬೇಕೇ ಬೇಕು, ಕಾರ್ಡ್ ನಡೆಯುವುದಿಲ್ಲ. ಅಲ್ಲಿನ ವೊನ್ ವಿದೇಶಿಯರ ಕೈಗೆ ಸಿಗುವುದು ಕ್ವಾಂಗ್‌ಬೊಕ್ ಬೀದಿಯ ದೊಡ್ಡ ಅಂಗಡಿಯಂಥ ಒಂದೆರಡು ಕಡೆ ಮಾತ್ರ. ಆಗ ಸರ್ಕಾರಿ ದರ ಡಾಲರಿಗೆ ನೂರು ವೊನ್ ಆಸುಪಾಸು, ಆ ಅಂಗಡಿಯೊಳಗಿನ ಕೌಂಟರಿನಲ್ಲಿ ಎಂಟು ಸಾವಿರದ ಹತ್ತಿರ. ದೇಶದ ಹಣಕಾಸು ಯಾವ ಸ್ಥಿತಿಯಲ್ಲಿದೆ ಎನ್ನಲು ಅದೊಂದೇ ಸಾಕು.

ಕುತೂಹಲಿ

ಅಪಾಯದ ವಿಷಯ? ಮನೆಯವರು ಕೇಳುವುದೇ ಅದನ್ನು.

ಹಾದಿಹೋಕ

ಹೇಳಿದಂತೆ ಕೇಳಿಕೊಂಡಿದ್ದರೆ ಜೇಬುಗಳ್ಳರ ಭಯವೂ ಇಲ್ಲದ ಜಾಗ. ತಪ್ಪಿದರೆ ಮಾತ್ರ ಕಾಪಾಡುವವರಿಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿಯೊಬ್ಬನನ್ನು 2016ರ ಜನವರಿಯಲ್ಲಿ ಹಿಡಿದರು. ಹೋಟೆಲಿನಲ್ಲಿದ್ದ ಪ್ರಚಾರ ಫಲಕ ಕದಿಯಲು ಹೋದ ಎಂಬ ಆರೋಪ, 15 ವರ್ಷ ಕಠಿಣ ದುಡಿಮೆಯ ಶಿಕ್ಷೆ. 2017ರ ಜೂನ್‌ನಲ್ಲಿ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಮನೆಗೆ ಕಳಿಸಿದರು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ವರ್ಷದ ಸೆಪ್ಟೆಂಬರಿನಿಂದ ಅಮೆರಿಕ ತನ್ನ ಪಾಸ್‌ಪೋರ್ಟಿನಲ್ಲಿ ಅಲ್ಲಿಗೆ ಹೋಗುವುದನ್ನೇ ನಿಷೇಧಿಸಿತು. ಅದಕ್ಕೂ ಮುಂಚೆ, 2008ರಲ್ಲಿ, ಕುಮ್‌ಗಾಂಗ್ ಬೆಟ್ಟಕ್ಕೆ ಬಂದಿದ್ದ ದಕ್ಷಿಣ ಕೊರಿಯಾದ ಹೆಂಗಸೊಬ್ಬರು ನಿಷೇಧಿತ ಜಾಗಕ್ಕೆ ಹೋದರೆಂದು ಗುಂಡಿಕ್ಕಿ ಕೊಂದರು.

ನಾಯಕರ ಚಿತ್ರವಿರುವ ಪತ್ರಿಕೆಯನ್ನು ಮುಖ ಮಡಚುವಂತೆ ಮಡಿಸಬಾರದು, ಕಸದ ಬುಟ್ಟಿಗೆ ಹಾಕಬಾರದು. ಸೈನಿಕರ, ಚೆಕ್‌ಪೋಸ್ಟಿನ ಫೋಟೊ ಬೇಡ. ಹೋಟೆಲಿನಿಂದ ಒಬ್ಬರೇ ಹೊರಗೆ ಕಾಲಿಡುವಂತಿಲ್ಲ. ಯಾಂಗ್ಗಾಕ್‌ಡೊ ಹೋಟೆಲ್ ಇರುವುದೇ ತೇದೊಂಗ್ ನದಿಯ ನಡುವಿನ ದ್ವೀಪದಲ್ಲಿ. ಅಂಗಳದಲ್ಲಿ ಅಡ್ಡಾಡಬಹುದು, ಸೇತುವೆ ದಾಟುವ ಹಾಗಿಲ್ಲ.

ಭಾರತದ ರಾಯಭಾರ ಕಚೇರಿ ಪ್ಯೊಂಗ್ಯಾಂಗ್‌ನಲ್ಲಿದೆ. ಕೋವಿಡ್ ಕಾಲದಲ್ಲಿ 2021ರ ಜುಲೈನಲ್ಲಿ ಸಿಬ್ಬಂದಿ ಹೊರಬಂದಿದ್ದರು, 2024ರ ಡಿಸೆಂಬರಿನಲ್ಲಿ ಮತ್ತೆ ಕೆಲಸ ಶುರುವಾಯಿತು. ಹೋಗುವ ಮುಂಚೆ ಅವರಿಗೆ ತಿಳಿಸಿಯೇ ಹೋಗಿ.

ಓದುಬಾಕ

ಬೆಳ್ಳಕ್ಕಿ ಮೇಡಂ, ನೀವು ಗೈಡ್ ಬಗ್ಗೆ ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ. ನಾವು ಹೋಗದಿದ್ದರೆ ಆ ಹುಡುಗಿ ಆ ಸಮವಸ್ತ್ರದವನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿ ಬರುತ್ತಿರಲಿಲ್ಲ.

ಆ ದೇಶವನ್ನು ತಿಳಿಯಬೇಕೆಂದರೆ ಬೇರೆ ದಾರಿಯಿದೆ. ತಪ್ಪಿಸಿಕೊಂಡು ದಕ್ಷಿಣ ಕೊರಿಯಾ ಸೇರಿದವರು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಸೋಲ್‌ಗೆ ಹೋದರೆ ಅವರ ಮಾತು ಕೇಳಬಹುದು. ಯಾರ ಕಾವಲೂ ಇಲ್ಲದೆ, ಯಾರ ಹೆದರಿಕೆಯೂ ಇಲ್ಲದೆ ಅವರು ಹೇಳುತ್ತಾರೆ.

ಬೆಳ್ಳಕ್ಕಿ

ಸೋಲ್ ವಿಷಯ ಪೂರ್ತಿ ಒಪ್ಪುತ್ತೇನೆ. ಹೋಗುವ ಮುಂಚೆ ಅವರ ಮಾತು ಕೇಳಿರಬೇಕು, ಕರ್ಬಿ ವರದಿ ಓದಿರಬೇಕು. ಅದಿಲ್ಲದೆ ಹೋದವರು ಸ್ವಚ್ಛ ರಸ್ತೆ, ನಗುವ ಮಕ್ಕಳನ್ನು ನೋಡಿ ಬಂದು "ಮಾಧ್ಯಮದವರು ಸುಳ್ಳು ಹೇಳುತ್ತಾರೆ" ಎಂದು ವಿಡಿಯೊ ಹಾಕುತ್ತಾರೆ. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ.

ಹಣದ ಮಾತಿಗೆ ನನ್ನ ಹತ್ತಿರ ಸಮಾಧಾನದ ಉತ್ತರವಿಲ್ಲ. ಗೈಡ್ ಮಾತಿಗೆ ಇದೆ. ಆ ಕೆಲಸ ಅಲ್ಲಿ ಬಹಳ ಜನ ಬಯಸುವ ಕೆಲಸ. ಹೊರಗಿನ ಮನುಷ್ಯರ ಜೊತೆ ಮಾತಾಡಬಹುದಾದ ಬೆರಳೆಣಿಕೆಯ ಜನರಲ್ಲಿ ಅವಳೊಬ್ಬಳು. 2020ರ ಡಿಸೆಂಬರಿನಲ್ಲಿ ಅವರು ತಂದ ಕಾನೂನಿನಡಿ ದಕ್ಷಿಣದ ನಾಟಕ, ಹಾಡು ನೋಡಿದವರಿಗೆ ವರ್ಷಗಟ್ಟಲೆ ಶಿಬಿರವಾಸ, ಹಂಚಿದವರಿಗೆ ಮರಣದಂಡನೆಯವರೆಗೂ ಶಿಕ್ಷೆ. ಅಂಥ ಕಡೆ ಭಾಷೆಗಳ ಬಗ್ಗೆ ಒಂದು ಪ್ರಶ್ನೆ ಕೇಳಲು ಅವಳಿಗೆ ಸಿಕ್ಕ ಆ ಹತ್ತು ನಿಮಿಷ ಬೇಡವಾಗಿತ್ತು ಎಂದು ನಾನು ಹೇಳಲಾರೆ. ನಾವು ಹೋಗದೆ ಇದ್ದರೆ ಅವಳ ಭಯ ಕಡಿಮೆಯಾಗುವುದಿಲ್ಲ, ಆ ಹತ್ತು ನಿಮಿಷ ಮಾತ್ರ ಹೋಗುತ್ತದೆ.

ಓದುಬಾಕ

ಹತ್ತು ನಿಮಿಷದ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಆದರೂ ಹೂವಿನ ಗುಚ್ಛ ಹಿಡಿದು ಆ ಪ್ರತಿಮೆಯ ಮುಂದೆ ಬಾಗಲು ನನ್ನಿಂದಾಗದು. ಹಾಗಾಗಿ ನಾನು ಹೋಗುವುದಿಲ್ಲ.

ಕುತೂಹಲಿ

ಇಬ್ಬರ ಮಾತೂ ಸರಿಯೆನಿಸುತ್ತಿದೆ. ಸದ್ಯ ಹೋಗಲು ದಾರಿಯಾದರೂ ಇದೆಯೇ?

ಹಾದಿಹೋಕ

ನಾನು ಗಮನಿಸಿದಷ್ಟು ಹೇಳುತ್ತೇನೆ. 2024ರ ಫೆಬ್ರವರಿಯಲ್ಲಿ ಮೊದಲು ಬಿಟ್ಟದ್ದು ರಷ್ಯನ್ನರನ್ನು. 2025ರ ಫೆಬ್ರವರಿಯಲ್ಲಿ ಈಶಾನ್ಯ ಮೂಲೆಯ ರಾಸೊನ್ ವಿಶೇಷ ವಲಯವನ್ನು ಪಾಶ್ಚಾತ್ಯರಿಗೂ ತೆರೆದು ಕೆಲವೇ ವಾರಗಳಲ್ಲಿ ಮುಚ್ಚಿದರು. ಏಪ್ರಿಲ್‌ನ ಪ್ಯೊಂಗ್ಯಾಂಗ್ ಮ್ಯಾರಥಾನ್‌ಗೆ ವಿದೇಶಿ ಓಟಗಾರರು ಹೋದರು. ಜುಲೈನಲ್ಲಿ ವೊನ್ಸಾನ್ ಕಡಲತೀರದ ಹೊಸ ರೆಸಾರ್ಟ್ ತೆರೆದರು, ಅಲ್ಲಿಗೂ ಹೊರಗಿನಿಂದ ಮೊದಲು ಬಂದವರು ರಷ್ಯನ್ನರು. ಇವತ್ತು ತೆರೆದದ್ದು ನಾಳೆ ಮುಚ್ಚಬಹುದು. ಪೂರ್ತಿ ಹಣ ಮುಂಗಡ ಕಟ್ಟಬೇಡಿ, ವಾಪಸಾತಿಯ ಷರತ್ತನ್ನು ಬರಹದಲ್ಲಿ ತೆಗೆದುಕೊಳ್ಳಿ. ನೀವು ಪತ್ರಕರ್ತರಾಗಿದ್ದರೆ ಪ್ರವಾಸಿ ಚೀಟಿಗೆ ಅರ್ಜಿ ಹಾಕಬೇಡಿ. ಉದ್ಯೋಗ ಮುಚ್ಚಿಟ್ಟು ಹೋದದ್ದು ಬಯಲಾದರೆ ನಿಮ್ಮ ಜೊತೆ ಗೈಡ್ ಕೂಡ ಸಿಕ್ಕಿಬೀಳುತ್ತಾರೆ.

ಬೆಳ್ಳಕ್ಕಿ

ಇನ್ನೊಂದು. ಬಂದ ಮೇಲೆ ಗೈಡ್‌ಗಳ ಮುಖ ಕಾಣುವ ಫೋಟೊ, ಹೆಸರು, ಅವರು ಖಾಸಗಿಯಾಗಿ ಆಡಿದ ಮಾತು ಯಾವುದನ್ನೂ ಎಲ್ಲಿಯೂ ಹಾಕಬೇಡಿ. ಈಗಾಗಲೇ ಹಾಕಿದವರಿದ್ದರೆ ಇವತ್ತೇ ತೆಗೆಯಿರಿ. ಹಾದಿಹೋಕ ಅವರೇ, ನಿಮ್ಮ ಹಿರಿಯ ಗೈಡ್ ಹೇಳಿದ ದೊಡ್ಡಮ್ಮನ ಕತೆಯನ್ನೂ ಮೇಲಿಂದ ತೆಗೆದುಬಿಡಿ ಎನ್ನುವುದು ನನ್ನ ಕೋರಿಕೆ. ಆ ಕಮಾನಿನ ಕೆಳಗೆ ಯಾವ ವರ್ಷ, ಯಾವ ಕಾಲದಲ್ಲಿ ನಿಂತಿದ್ದಿರಿ ಎಂದು ಬರೆದಿದ್ದೀರಿ. ಹುಡುಕುವವರಿಗೆ ಅಷ್ಟು ಸಾಕು.

ಹಾದಿಹೋಕ

ಭಯಪಡಬೇಡಿ ಮೇಡಂ. ಹೋದ ಕಾಲ ಮತ್ತು ಅವರ ಬಂಧುವಿನ ನಂಟು ಎರಡನ್ನೂ ಬರೆಯುವಾಗಲೇ ಬೇಕೆಂದೇ ಬದಲಿಸಿದ್ದೇನೆ. ಹಿರಿಯ ಗೈಡ್ ಗಂಡಸೋ ಹೆಂಗಸೋ ಎನ್ನುವುದನ್ನೂ.